ಹಳ್ಳ ಸರಿಹೋಯಿತಾ ಅಂತ ಮಾರ್ಚ್‌ನಲ್ಲಿ ನೋಡಬೇಕು

ಶಿವಮೊಗ್ಗದ ನಮ್ಮ ಬಡಾವಣೆಯ ಹಿಂದಿನ ಹಳ್ಳದ ಫೋಟೋ ಈಗ ಮತ್ತೆ ಎಲ್ಲರ ವಾಟ್ಸಾಪ್ ಸ್ಟೇಟಸ್‌ನಲ್ಲಿದೆ. ಎರಡೂ ಕಡೆ ಸೈಜುಗಲ್ಲಿನ ಗೋಡೆ, ಮೇಲೆ ನಡೆಯೋಕೆ ದಾರಿ, ದೀಪದ ಕಂಬ, ಕೂರಲು ಕಲ್ಲುಬೆಂಚು. ನಡುವೆ ತುಂಬಿ ಹರಿಯುವ ನೀರು. ನೋಡಿದರೆ ನನಗೂ ಖುಷಿಯಾಗುತ್ತದೆ. ವರ್ಷಗಟ್ಟಲೆ ಮೂಗಿಗೆ ಸೆರಗು ಹಿಡಿದು ದಾಟಿದ ಜಾಗ ಅದು. ಈಗ ಸಂಜೆ ಹೊತ್ತು ಅಜ್ಜಿಯಂದಿರು ಬಂದು ಕೂರುತ್ತಾರೆ. ಕಸ ಸುರಿಯುವುದೂ ಕಮ್ಮಿಯಾಗಿದೆ. ಅದು ಸಣ್ಣ ವಿಷಯ ಅಂತ ನಾನು ಯಾವತ್ತೂ ಹೇಳುವುದಿಲ್ಲ.

ಆದರೆ ಅಲ್ಲೊಂದು ಬೋರ್ಡ್ ಇದೆ. ಹಳ್ಳದ ಪುನಶ್ಚೇತನ ಯಶಸ್ವಿ ಅಂತ. ಆ ಕೊನೆಯ ಪದದ ಹತ್ತಿರ ಬಂದಾಗಲೆಲ್ಲ ನನ್ನ ಕಾಲು ನಿಲ್ಲುತ್ತದೆ. ಯಾರು ಅಳೆದರು? ಯಾವಾಗ ಅಳೆದರು?

ಕೆಲಸ ಶುರುವಾಗುವ ಮೊದಲು ನೀರಿನ ಪರೀಕ್ಷೆ ಮಾಡಿಸಿದ್ದಿರಾ ಅಂತ ಸಂಬಂಧಪಟ್ಟವರನ್ನು ಕೇಳಿದೆ. ಇಲ್ಲ ಅಂದರು. ಅಂದಾಜು ಪಟ್ಟಿ ಇದೆ, ಎಷ್ಟು ಮೀಟರ್ ಗೋಡೆ ಎದ್ದಿತು ಅನ್ನುವ ಲೆಕ್ಕ ಇದೆ. ನೀರಿನ ಲೆಕ್ಕ ಮಾತ್ರ ಇಲ್ಲ. ಮೊದಲು ಹೇಗಿತ್ತು ಅಂತಲೇ ಬರೆದಿಡದೆ ಈಗ ಎಷ್ಟು ಸುಧಾರಿಸಿತು ಅಂತ ಹೇಳೋದು ಹೇಗೆ? ಇದು ನಮ್ಮೂರಿನ ಕಥೆ ಮಾತ್ರ ಅಲ್ಲ. 2005ರಲ್ಲಿ ಅಮೆರಿಕದ ವಿಜ್ಞಾನಿಗಳು ಅಲ್ಲಿನ 37,000ಕ್ಕೂ ಜಾಸ್ತಿ ನದಿ, ತೊರೆ ಯೋಜನೆಗಳ ದಾಖಲೆ ಒಟ್ಟುಮಾಡಿ ನೋಡಿದರು. ಫಲ ಏನಾಯಿತು ಅಂತ ಯಾವುದೋ ಒಂದು ರೀತಿಯಲ್ಲಾದರೂ ಪರಿಶೀಲಿಸಿದ ಗುರುತು ಸಿಕ್ಕಿದ್ದು ಶೇ. 10ರಷ್ಟು ಯೋಜನೆಗಳಲ್ಲಿ ಮಾತ್ರ.

ಫೋಟೋಗಳೆಲ್ಲ ಪುನರ್ವಸು ಮಳೆಯವು. ಆಗ ನಮ್ಮ ಕಡೆ ಯಾವ ಚರಂಡಿಯೂ ಹಳ್ಳದ ಹಾಗೇ ಕಾಣುತ್ತದೆ. ಆ ನೀರನ್ನು ಪರೀಕ್ಷೆಗೆ ಕೊಟ್ಟರೆ ಬಿಒಡಿ ಕಮ್ಮಿ ಬರಬಹುದು. ಬಿಒಡಿ ಅಂದರೆ ನೀರಿನ ಕೊಳೆಯನ್ನು ಕೊಳೆಸಲು ಸೂಕ್ಷ್ಮಜೀವಿಗಳಿಗೆ ಬೇಕಾಗುವ ಆಮ್ಲಜನಕದ ಅಳತೆ, ಕೊಳೆ ಜಾಸ್ತಿಯಾದಷ್ಟೂ ಅದೂ ಜಾಸ್ತಿ. ಆಗ ಅದು ಕಮ್ಮಿ ಬರುವುದು ಕೊಳೆ ಬರುವುದು ನಿಂತಿದ್ದಕ್ಕಲ್ಲ, ಮಳೆನೀರು ಬೆರೆತು ತೆಳುವಾಗಿದ್ದಕ್ಕೆ.

ನಾನು ಮಾರ್ಚ್‌ನಲ್ಲಿ ಹೋಗಿ ಕೂತೆ. ಒಂದು ವಾರ, ದಿನಾ ಬೆಳಿಗ್ಗೆ. ಗೇಣುದ್ದ ನೀರು. ಮಳೆಯಿಲ್ಲ. ತಳಕ್ಕೆ ಸಿಮೆಂಟ್ ಹಾಕಿರುವುದರಿಂದ ಒರತೆಯೂ ಏಳುವುದಿಲ್ಲ. ಆದರೂ ಏಳೂವರೆ ಹೊತ್ತಿಗೆ ನೀರು ಏರುತ್ತಿತ್ತು, ಹತ್ತಕ್ಕೆ ಇಳಿಯುತ್ತಿತ್ತು. ಎರಡನೇ ದಿನ ಹೊಳೆಯಿತು, ಅದು ನಮ್ಮ ಮನೆಗಳ ಸ್ನಾನದ ಹೊತ್ತು. ಸೇತುವೆ ಕೆಳಗೆ ಸೋಪಿನ ನೊರೆ ತಿರುಗುತ್ತಾ ನಿಂತಿತ್ತು. ಅಂದರೆ ಬೇಸಿಗೆಯಲ್ಲಿ ಈ ಹಳ್ಳದಲ್ಲಿ ಹರಿಯುವುದು ನಮ್ಮ ಬಚ್ಚಲ ನೀರೇ. ಯುಜಿಡಿಗೆ, ಅಂದರೆ ನೆಲದಡಿಯ ಒಳಚರಂಡಿಗೆ ಸೇರಬೇಕಾದ ಪೈಪುಗಳು ಇನ್ನೂ ಇಲ್ಲಿಗೇ ಬಾಯಿ ತೆರೆದಿವೆ. ಗೋಡೆ ಕಟ್ಟುವಾಗ ಅವಕ್ಕೆ ಅಚ್ಚುಕಟ್ಟಾಗಿ ತೂತು ಬಿಟ್ಟಿದ್ದಾರೆ.

ಪಕ್ಕದ ಮನೆ ಹುಡುಗ ಓಡಿಬಂದ. "ಆಂಟಿ, ಮೀನು ಬಂದಿದಾವೆ ನೋಡಿ!" ಹೌದು, ಮೀನೇ. ಅವನ ಖುಷಿ ನೋಡಿ ನನಗೆ ಬಾಯಿ ಬರಲಿಲ್ಲ. ಅವು ಗಪ್ಪಿ. ಸೊಳ್ಳೆ ಮರಿ ತಿನ್ನಲಿ ಅಂತ ಚರಂಡಿಗಳಿಗೆ ಬಿಡುವ ಮೀನು. ನೀರೊಳಗೆ ಆಮ್ಲಜನಕ ಇಲ್ಲದಿದ್ದರೆ ಮೇಲೆ ಬಂದು ತೆಳು ಪದರದಿಂದ ಉಸಿರಾಡಿ ಬದುಕುತ್ತವೆ. ಅವು ಇವೆ ಅಂದಮಾತ್ರಕ್ಕೆ ನೀರು ಒಳ್ಳೆಯದು ಅಂತಾಗುವುದಿಲ್ಲ. ಮುಂಗಾರು ಶುರುವಾದಾಗ ತುಂಗೆಯಿಂದ ಹತ್ತುಮೀನು, ಅಂದರೆ ಮೊಟ್ಟೆಯಿಡಲು ಹರಿವಿಗೆ ಎದುರಾಗಿ ಹತ್ತುವ ಮೀನು, ಈ ಹಳ್ಳಕ್ಕೆ ಏರಿ ಬಂದರೆ ಆವತ್ತು ನಾನೂ ಅವನ ಜೊತೆ ಕುಣಿಯುತ್ತೇನೆ.

ಅದಾದ ಮುಂದಿನ ಭಾನುವಾರ ಅವನನ್ನೂ ಅವನ ಅಮ್ಮನನ್ನೂ ಕರೆದುಕೊಂಡು ಮಂಡಗದ್ದೆ ಕಡೆ ಹೋದೆ. ಕಾಡಿನ ಒಂದು ಹಳ್ಳ, ಪಾದ ಮುಳುಗುವಷ್ಟು ನೀರು. ಮುಷ್ಟಿಯಷ್ಟು ದೊಡ್ಡ ಕಲ್ಲೊಂದನ್ನು ಎತ್ತಿ ಮಗುಚಿದೆ. ಚಪ್ಪಟೆ ಮೈಯ, ಮೂರು ಬಾಲದ ಪುಟ್ಟ ಹುಳು ಕಲ್ಲಿಗೆ ಅಂಟಿಕೊಂಡು ಓಡಿತು. ಪಕ್ಕದಲ್ಲೇ ಇನ್ನೊಂದು, ಮರಳಿನ ಕಣಗಳನ್ನು ಒಂದಕ್ಕೊಂದು ಅಂಟಿಸಿ ಅಕ್ಕಿಕಾಳಿನಷ್ಟು ಉದ್ದದ ಕೊಳವೆ ಕಟ್ಟಿಕೊಂಡು ಒಳಗೆ ಕೂತಿತ್ತು. ಇಂಥವು ಕೊಳೆ ತಡೆಯುವುದಿಲ್ಲ, ನೀರು ಕೆಟ್ಟರೆ ಮೊದಲು ಕಾಣೆಯಾಗುತ್ತವೆ. ನಮ್ಮ ಹಳ್ಳದಲ್ಲಿ ಮಗುಚಲು ಕಲ್ಲೇ ಇಲ್ಲ. ತಿರುವಿನಲ್ಲಿ ಸ್ವಲ್ಪ ಕೆಸರು ಕೂತಿತ್ತು. ಕೆದಕಿದರೆ ದಾರದ ಹಾಗೆ ಕೆಂಪು ಹುಳುಗಳು. ನಮ್ಮ ರಕ್ತದಲ್ಲಿರುವ ಹಿಮೋಗ್ಲೋಬಿನ್ ಥರದ್ದೇ ಬಣ್ಣ ಅದು. ಆಮ್ಲಜನಕ ಕಮ್ಮಿ ಇರುವ ಕೆಸರಲ್ಲಿ ಬದುಕೋಕೆ ಅವಕ್ಕೆ ಅದೇ ಆಸರೆ.

ಇನ್ನೊಂದು ಮಾತು, ಸ್ಯಾಂಪಲ್ ತೆಗೆಯುವ ಹೊತ್ತಿನದ್ದು. ಸ್ನಾನಕ್ಕೆ ಯೋಗ್ಯ ಅನ್ನಿಸಿಕೊಳ್ಳಲು ಒಂದು ಲೀಟರ್ ನೀರಲ್ಲಿ ಬಿಒಡಿ 3 ಮಿಲಿಗ್ರಾಂ ಮೀರಬಾರದು, ಕರಗಿದ ಆಮ್ಲಜನಕ ಕನಿಷ್ಠ 5 ಮಿಲಿಗ್ರಾಂ ಇರಬೇಕು. ಪಾಚಿ ಇರುವ ನೀರಲ್ಲಿ ಬಿಸಿಲು ಇರುವಾಗ ಪಾಚಿಯೇ ಆಮ್ಲಜನಕ ಬಿಡುತ್ತದೆ. ರಾತ್ರಿ ಅದೇ ಪಾಚಿ ಆಮ್ಲಜನಕ ಹೀರುತ್ತದೆ. ಕೆಮಿಸ್ಟ್ರಿ ಪಾಠ ಮಾಡುವ ನನ್ನ ಗೆಳತಿ ಏಪ್ರಿಲ್‌ನಲ್ಲಿ ಎರಡು ಬಾಟಲಿ ತುಂಬಿಸಿ ನೋಡಿದಳು. ಆಮ್ಲಜನಕದ ಲೆಕ್ಕದಲ್ಲಿ ಮಧ್ಯಾಹ್ನದ್ದು ಪಾಸ್. ಬೆಳಗಿನ ಜಾವದ್ದು ಫೇಲ್. ಮೀನಿಗೆ ಇಪ್ಪತ್ನಾಲ್ಕು ಗಂಟೆಯೂ ಉಸಿರು ಬೇಕು ಅಲ್ವಾ?

ದಕ್ಷಿಣ ಕೊರಿಯಾದ ಸೋಲ್ ನಗರದ ಚೊಂಗ್‌ಗ್ಯೆಚೊನ್ ತೊರೆಯನ್ನು ಎಲ್ಲರೂ ಉದಾಹರಣೆ ಕೊಡುತ್ತಾರೆ. ಮೇಲಿದ್ದ ಹೆದ್ದಾರಿ ಕೆಡವಿ, 2005ರಲ್ಲಿ 5.8 ಕಿ.ಮೀ. ತೊರೆಯನ್ನು ಜನರಿಗೆ ತೆರೆದರು. ಸುತ್ತಲಿನ ಸೆಕೆ ಇಳಿಯಿತು, ಜನ ಬಂದರು. ನಿಜವಾಗಿಯೂ ದೊಡ್ಡ ಕೆಲಸ. ಆದರೆ ಅಲ್ಲಿ ಹರಿಯುವ ನೀರಲ್ಲಿ ಜಾಸ್ತಿ ಪಾಲು ಹಾನ್ ನದಿಯಿಂದ ಪಂಪ್ ಮಾಡಿ ತಂದದ್ದು. ಮಳೆ ಸುರಿಯುವ ಮಲೆನಾಡಿನ ಬುಡದಲ್ಲಿ ಕೂತ ನಮಗೆ ಆ ದಾರಿ ಯಾಕೆ? ಸಿಮೆಂಟ್ ತೆಗೆದು ಕಲ್ಲು, ಜಲ್ಲಿ, ಬೇರು ಇರುವ ತಳ ಕೊಟ್ಟರೆ ನೀರು ಇಂಗುತ್ತದೆ, ಮೆಲ್ಲಗೆ ಒಸರುತ್ತದೆ. ಮಳೆ ಬಂದಾಗ ಕೆಳಗಿನ ಬಡಾವಣೆ ಮೇಲೆ ಒಂದೇ ಸಲ ನುಗ್ಗುವುದೂ ಕಮ್ಮಿಯಾಗುತ್ತದೆ. 2019ರ ಆಗಸ್ಟ್‌ನಲ್ಲಿ ಎಷ್ಟು ಮನೆಗಳ ಒಳಗೆ ನೀರು ನಿಂತಿತ್ತು ಅಂತ ಶಿವಮೊಗ್ಗದವರಿಗೆ ನಾನು ಹೇಳಬೇಕಾ?

ಈ ನೀರು ಕೊನೆಗೆ ತುಂಗೆಗೆ ಸೇರಿ ಕೂಡ್ಲಿಗೆ ಹೋಗುತ್ತದೆ. ಅಲ್ಲಿ ತುಂಗಾ-ಭದ್ರಾ ಸಂಗಮದಲ್ಲಿ ಜನ ಮುಳುಗಿ ಸ್ನಾನ ಮಾಡುತ್ತಾರೆ. ನಮ್ಮ ನೆಂಟರೂ ಮಾಡುತ್ತಾರೆ.

ನಾನು ಬೋರ್ಡ್ ತೆಗೆಯಿರಿ ಅಂತಿಲ್ಲ. ಅದೇ ಬೋರ್ಡಿನ ಮೇಲೆ ವರ್ಷಕ್ಕೆ ನಾಲ್ಕು ಸಲ ನೀರಿನ ಲೆಕ್ಕ ಬರೆಯಿರಿ ಅಂತ ಕೇಳುತ್ತಿದ್ದೇನೆ. ಮಾರ್ಚ್‌ನದ್ದು ತಪ್ಪಿಸಬೇಡಿ. ಸೇತುವೆ ಕಂಬಕ್ಕೆ ಬಣ್ಣದಲ್ಲಿ ಅಳತೆ ಗೆರೆ ಎಳೆಯಿರಿ, ಮಳೆ ನಿಂತು ಎಷ್ಟು ಹೊತ್ತಿಗೆ ನೀರು ಇಳಿಯುತ್ತದೆ ಅಂತ ಯಾರು ಬೇಕಾದರೂ ನೋಡಲಿ. ಕೆಟ್ಟ ಅಂಕಿ ಬಂದರೂ ಬರೆಯಿರಿ, ಮುಂದಿನ ವರ್ಷ ಹೋಲಿಸಲು ಅದೇ ಬೇಕು.

ಈ ಭಾನುವಾರ ಬೆಳಿಗ್ಗೆ ಐದೂವರೆಗೆ ನಾನೂ ನನ್ನ ಗೆಳತಿಯೂ ಸೇತುವೆ ಹತ್ತಿರ ಇರುತ್ತೇವೆ. ಬಾಟಲಿ, ಕೈಗವಸು ನಾವು ತರುತ್ತೇವೆ. ನೀವು ಟಾರ್ಚ್ ತನ್ನಿ, ಹಳೇ ಚಪ್ಪಲಿ ಹಾಕಿಕೊಂಡು ಬನ್ನಿ.