ಮೇಷ್ಟ್ರ ಲ್ಯಾಪ್‌ಟಾಪಿಗೆ ಹೊರಲಾಗುವಷ್ಟು ಹರಟೆ

ಹಳೇ ಪುಸ್ತಕಗಳನ್ನು ಟೈಪ್ ಮಾಡಿ, ಕರಡು ತಿದ್ದಿ ನೆಟ್ಟಿಗೆ ಏರಿಸುವ ಹನ್ನೊಂದು ಜನರ ಗುಂಪು ನಮ್ಮದು. ಕಾಸಿಲ್ಲದ ಕೆಲಸ, ಹುಚ್ಚು ಮಾತ್ರ. ನಮ್ಮ ಮಾತುಕತೆಯೆಲ್ಲ ಮೊನ್ನೆಮೊನ್ನೆಯವರೆಗೆ ವಾಟ್ಸ್‌ಆ್ಯಪ್‌ನಲ್ಲೇ ನಡೀತಿತ್ತು. ಅಲ್ಲಿದ್ದ ತೊಂದರೆ ಆ್ಯಪಿನದ್ದಲ್ಲ, ನಮ್ಮದೇ. ಬೆಳಿಗ್ಗೆ ಒಬ್ಬರು "ಪುಟ 43, ಕೆಳಗಿಂದ ಮೂರನೇ ಸಾಲು, ಅರ್ಕಾವೊತ್ತು ಬಿಟ್ಟುಹೋಗಿದೆ" ಅಂತ ಹಾಕಿದರೆ ಗಂಟೆಯೊಳಗೆ ಅದರ ಮೇಲೆ ತಾವರೆ ಹೂವಿನ ಶುಭೋದಯ, ಯಾರದೋ ಮೊಮ್ಮಗಳ ಭರತನಾಟ್ಯ, ಮೊಣಕಾಲು ನೋವಿಗೆ ಎಕ್ಕದ ಎಲೆ. ಸಂಜೆ ಅರ್ಕಾವೊತ್ತು ಹುಡುಕುವವರು ಯಾರು?

ಆದರೂ ಜಾಗ ಬದಲಿಸೋಣ ಅಂತ ನಾನು ಹಟ ಹಿಡಿದದ್ದು ಶುಭೋದಯಕ್ಕಲ್ಲ, ನಮ್ಮ ಮೇಷ್ಟ್ರಿಗಾಗಿ.

ನಿವೃತ್ತ ಹೈಸ್ಕೂಲು ಮೇಷ್ಟ್ರು, ಹೊಸನಗರದ ಕಡೆಯ ಒಂಟಿ ಮನೆ. ನಮ್ಮಲ್ಲಿ ಹಳಗನ್ನಡ ಸರಾಗವಾಗಿ ಓದಬಲ್ಲವರು ಅವರೊಬ್ಬರೇ. ಕೈಲಿರೋದು ಬಟನ್ ಫೋನು. 2 ಜಿಬಿ ರ‍್ಯಾಮಿನ ಹಳೇ ಲ್ಯಾಪ್‌ಟಾಪಿಗೆ ಯಾರೋ ಶಿಷ್ಯ ಲಿನಕ್ಸ್ ಹಾಕಿಕೊಟ್ಟಿದ್ದಾನೆ. ಡಾಂಗಲ್ಲನ್ನು ಉದ್ದ ವೈರಿಗೆ ಸಿಕ್ಕಿಸಿ ಕಿಟಕಿಯ ಸರಳಿಗೆ ಬಾಳೆಪಟ್ಟೆ ದಾರದಲ್ಲಿ ಕಟ್ಟಿದ್ದಾರೆ, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ಲು. ವಾಟ್ಸ್‌ಆ್ಯಪ್ ಗುಂಪಿನಲ್ಲಿ ಅವರು ಇರಲೇ ಇಲ್ಲ. ತಿದ್ದುಪಡಿಗಳನ್ನು ಕಾಗದದ ಮೇಲೆ ಬರೀತಿದ್ದರು, ಸೊಸೆ ಫೋಟೋ ತೆಗೆದು ತಮ್ಮ ಫೋನಿನಿಂದ ಕಳಿಸುತ್ತಿದ್ದರು. ಸೊಸೆ ತವರಿಗೆ ಹೋದ ವಾರ ನಮ್ಮ ಕೆಲಸಕ್ಕೂ ರಜೆ.

ಹೀಗಾಗಿ ನನ್ನ ಲೆಕ್ಕ ಸುಲಭವಾಯಿತು. ಗುಂಪಿಗೆ ಹರಟೆ ಪ್ರೋಗ್ರಾಂ ಹುಡುಕುವಾಗ ಒಳ್ಳೇ ಫೋನಿನವನ ಅಭಿಪ್ರಾಯಕ್ಕೆ ಕಾಸಿನ ಬೆಲೆ ಇಲ್ಲ, ಅವನಿಗೆ ಏನು ಕೊಟ್ಟರೂ ಓಡುತ್ತೆ. ಕೇಳಬೇಕಾದ್ದು ಮೇಷ್ಟ್ರ ಲ್ಯಾಪ್‌ಟಾಪನ್ನು.

ಮೊದಲು ಬಂದ ಸಲಹೆ, ಆಫೀಸುಗಳಲ್ಲಿ ಎಲ್ಲರೂ ಬಳಸುವ ಒಂದು ಪ್ರೋಗ್ರಾಂ. ಹೆಸರು ಬೇಡ. ಹಾಕಿದ ದಿನ ಲ್ಯಾಪ್‌ಟಾಪಿನ ಫ್ಯಾನು ರೈಸ್‌ಮಿಲ್ಲಿನ ಹಾಗೆ ಸದ್ದು ಮಾಡಿತಂತೆ, ಆಮೇಲೆ ಮೌಸೂ ಅಲುಗಲಿಲ್ಲ. ಇದು ಆ ಒಂದೇ ಪ್ರೋಗ್ರಾಮಿನ ಕಥೆಯಲ್ಲ. ಇವತ್ತಿನ ಬಹಳಷ್ಟು ಡೆಸ್ಕ್‌ಟಾಪ್ ಆ್ಯಪ್‌ಗಳು ಎಲೆಕ್ಟ್ರಾನ್ ಎಂಬ ಚೌಕಟ್ಟಿನ ಮೇಲೆ ನಿಂತಿವೆ. ಹಾಗಂದರೆ ಪ್ರತಿ ಆ್ಯಪಿನ ಹೊಟ್ಟೆಯಲ್ಲೂ ಒಂದು ಇಡೀ ಕ್ರೋಮಿಯಂ ಬ್ರೌಸರ್. ಎರಡು ದಿನಕ್ಕೆ ಬಂದ ನೆಂಟ ತನ್ನದೇ ಒಲೆ, ತನ್ನದೇ ಬೀಸುಕಲ್ಲು ಹೊತ್ತು ತಂದ ಹಾಗೆ. ಡಿಸ್ಕಾರ್ಡ್, ಸ್ಲ್ಯಾಕ್ ಎರಡೂ ಇದೇ ಜಾತಿ. ನನಗೆ ಬಲು ಇಷ್ಟವಾದ ಸಿಗ್ನಲ್ ಆ್ಯಪಿನ ಡೆಸ್ಕ್‌ಟಾಪ್ ಆವೃತ್ತಿಯೂ ಇದೇ. ಗುಟ್ಟು ಕಾಯುವುದರಲ್ಲಿ ಸಿಗ್ನಲ್ಲಿಗೆ ನಾನು ಕೈ ಮುಗಿಯುತ್ತೇನೆ, ಆದರೆ ಅದು ಮೊದಲು ಸ್ಮಾರ್ಟ್‌ಫೋನ್ ಕೇಳುತ್ತದೆ. ಮೇಷ್ಟ್ರ ಬಟನ್ ಫೋನು ತಲೆ ಅಲ್ಲಾಡಿಸಿತು.

ಟೆಲಿಗ್ರಾಂ ನಿಜಕ್ಕೂ ಹಗುರ, ಒಪ್ಪಿಕೊಳ್ಳಲೇಬೇಕು. ಅದರ ಡೆಸ್ಕ್‌ಟಾಪ್ ಪ್ರೋಗ್ರಾಮಿನೊಳಗೆ ಬ್ರೌಸರ್ ಕೂತಿಲ್ಲ, ಹಳೇ ಯಂತ್ರದಲ್ಲೂ ಚಕಚಕ ಓಡುತ್ತದೆ. ಗುಂಪಿಗೆ ಎರಡು ಲಕ್ಷ ಜನ ಸೇರಬಹುದು, ನಾವು ಹನ್ನೊಂದು. ಗುಂಪಿನ ಮಾತಿಗೆ ತುದಿಯಿಂದ ತುದಿಗೆ ಗೂಢಲಿಪೀಕರಣ (ಮಾತಾಡುವವರ ಹೊರತು ಯಾರೂ ಓದಲಾಗದಂಥ ಬೀಗ) ಇಲ್ಲ ಅಂತ ಗೆಳೆಯರೊಬ್ಬರು ಎಚ್ಚರಿಸಿದರು. ಅರ್ಕಾವೊತ್ತಿನಲ್ಲೇನು ಗುಟ್ಟು ಮಾರಾಯ್ರೇ! ಆದರೆ ಅಲ್ಲೂ ಫೋನ್ ನಂಬರಿನ ಕಟ್ಟುಪಾಡು, ಹೊಸ ಖಾತೆ ತೆರೆಯಲು ಸ್ಮಾರ್ಟ್‌ಫೋನಿನ ಆ್ಯಪೇ ಬೇಕು. 2025ರ ಸೆಪ್ಟೆಂಬರ್ ಹೊತ್ತಿಗೆ ಊರೆಲ್ಲ ಮಾತಾಡಿದ ಜೋಹೋ ಕಂಪನಿಯವರ ಅರಟ್ಟೈ ಆ್ಯಪ್ ಕೂಡ ಪಟ್ಟಿಯಲ್ಲಿತ್ತು. ತಮಿಳಿನ ಅರಟ್ಟೈ ನಮ್ಮ ಹರಟೆಯ ದಾಯಾದಿಯೇ, ಹೆಸರು ಕೇಳಿ ಮೇಷ್ಟ್ರು ಖುಷಿಯಾದರು. ಮಂದ ನೆಟ್‌ವರ್ಕಿಗೂ ಒಗ್ಗುವಂತೆ ಮಾಡಿದ್ದು ಅನ್ನುವುದೂ ಒಳ್ಳೇದೇ. ಅದಕ್ಕೂ ಮೊಬೈಲ್ ನಂಬರೇ ಬೇಕು.

ಆಗ ನನ್ನ ತಲೆಗೆ ಹೊಳೆದದ್ದು ಐಆರ್‌ಸಿ, ಬರೀ ಅಕ್ಷರದಲ್ಲಿ ಹರಟೆ ಹೊಡೆಯುವ ಹಳೇ ವ್ಯವಸ್ಥೆ. 1988ರಲ್ಲಿ ಫಿನ್ಲೆಂಡಿನ ಔಲು ವಿಶ್ವವಿದ್ಯಾಲಯದಲ್ಲಿ ಯಾರ್ಕೊ ಓಯಿಕರಿನೆನ್ ಬರೆದದ್ದು, ಇವತ್ತಿಗೂ ಜೀವಂತ. ಇದಕ್ಕಿಂತ ಹಗುರ ಇನ್ನೊಂದಿಲ್ಲ. ಹೆಸರು ಕೊಟ್ಟರೆ ಸಾಕು, ನಂಬರು ಗಿಂಬರು ಏನೂ ಕೇಳಲ್ಲ. ಮೇಷ್ಟ್ರ ಯಂತ್ರದಲ್ಲಿ ಅದಕ್ಕಾಗಿ ವೀಚ್ಯಾಟ್ (WeeChat) ಎಂಬ ಟರ್ಮಿನಲ್ ಪ್ರೋಗ್ರಾಂ ಹಾಕಿಸಿದೆ, ಅಂದರೆ ಚಿತ್ರಗಿತ್ರ ಇಲ್ಲದೆ ಬರೀ ಅಕ್ಷರದ ಪರದೆಯಲ್ಲಿ ಓಡುವಂಥದ್ದು. ಕಪ್ಪು ಪರದೆ, ಬಿಳಿ ಅಕ್ಷರ, ಫ್ಯಾನು ಮಲಗಿಯೇ ಇತ್ತು.

ಕೆಟ್ಟದ್ದು ಕನ್ನಡ. ಟರ್ಮಿನಲ್ ಪರದೆ ಪ್ರತಿ ಅಕ್ಷರಕ್ಕೂ ಒಂದೊಂದು ಚೌಕ ಅಂತ ಅಳೆದಿಟ್ಟಿರುತ್ತದೆ, ಇಂಗ್ಲಿಷಿಗೆ ಸರಿ. ನಮ್ಮ ಒತ್ತಕ್ಷರ ಕೆಳಗಿಳಿಯಬೇಕು, ಗುಣಿತ ಮೇಲೆ ಏರಬೇಕು, ಪಕ್ಕಕ್ಕೆ ಬಾಗಬೇಕು. ಅಲ್ಲಿ "ಸ್ವಾತಂತ್ರ್ಯ" ಅಂತ ಬರೆದರೆ ಅಪಘಾತವಾದ ಜಾಗದಲ್ಲಿ ಬಿಡಿಭಾಗ ಚೆಲ್ಲಿದಂತೆ ಕಾಣುತ್ತಿತ್ತು. ಕರಡು ತಿದ್ದುವ ಗುಂಪಿಗೆ ಇದಕ್ಕಿಂತ ದೊಡ್ಡ ತಮಾಷೆ ಬೇಕೇ?

ಇನ್ನೊಂದು ಪೇಚು ಆಮೇಲೆ ಗೊತ್ತಾಯ್ತು. ಐಆರ್‌ಸಿಯಲ್ಲಿ ಒಂದು ಸಂದೇಶಕ್ಕೆ 512 ಬೈಟ್ ಮಿತಿ, ವಿಳಾಸ ಗಿಳಾಸ ಎಲ್ಲ ಸೇರಿ. ಇಂಗ್ಲಿಷ್ ಅಕ್ಷರಕ್ಕೆ ಒಂದು ಬೈಟ್ ಸಾಕು. ಅಕ್ಷರಗಳನ್ನು ಕಂಪ್ಯೂಟರಿನಲ್ಲಿ ಇಡುವ ಯುಟಿಎಫ್-8 ಪದ್ಧತಿಯಲ್ಲಿ ನಮ್ಮದಕ್ಕೆ ಮೂರು, ಅದೂ ವ್ಯಂಜನಕ್ಕೆ ಬೇರೆ, ವಿರಾಮಕ್ಕೆ (ಅರ್ಧಾಕ್ಷರದ ಹಲಂತ ಗುರುತಿಗೆ) ಬೇರೆ, ಗುಣಿತಕ್ಕೆ ಬೇರೆ. "ಕನ್ನಡ" ಅನ್ನುವಷ್ಟಕ್ಕೇ 15 ಬೈಟ್. "ರ‍್ಯಾಮ್" ಅಂತ ಸರಿಯಾಗಿ ಮೂಡಬೇಕಾದರೆ ನಡುವೆ ಕಣ್ಣಿಗೆ ಕಾಣದ ಒಂದು ಜೋಡಕ ಇರಬೇಕು, ಅದಕ್ಕೂ ಮೂರು ಬೈಟ್ ಬಾಡಿಗೆ. ಮೇಷ್ಟ್ರು ಉದ್ದ ವಾಕ್ಯದ ಮನುಷ್ಯ. ಪ್ರತ್ಯಯ ಬರುವಷ್ಟರಲ್ಲಿ ಸಾಲು ಮುಗಿದು ಕ್ರಿಯಾಪದ ಮುಂದಿನ ಸಂದೇಶಕ್ಕೆ ಹಾರುತ್ತಿತ್ತು. ಸಾಲದ್ದಕ್ಕೆ ಸಂಪರ್ಕ ಕಡಿದಾಗ ಗುಂಪಿನಲ್ಲಿ ಆಡಿದ ಮಾತು ಅವರ ಪಾಲಿಗೆ ಹೋದಂತೆಯೇ. ಅದನ್ನು ಹಿಡಿದಿಡಲು ಬೌನ್ಸರ್ ಅಂತ ಇನ್ನೊಂದು ಪ್ರೋಗ್ರಾಂ ಎಲ್ಲೋ ಸದಾ ಓಡುತ್ತಿರಬೇಕು. ಮಳೆಗಾಲದ ಹೊಸನಗರದಲ್ಲಿ ಸಂಪರ್ಕ ಕಡಿಯೋದೇ ನಿಯಮ.

ಮ್ಯಾಟ್ರಿಕ್ಸ್ ಎಂಬ ಇನ್ನೊಂದು ಹರಟೆ ವ್ಯವಸ್ಥೆಯ ಬಗ್ಗೆ ಹೆಚ್ಚು ಬರೆಯಲ್ಲ. ಮುಕ್ತವಾದದ್ದು, ಚೆಂದದ ಯೋಚನೆ, ಆದರೆ ಅದರ ಸಿನಾಪ್ಸ್ ಸರ್ವರ್ ಸಾಕುವುದು ಎಮ್ಮೆ ಸಾಕಿದ ಹಾಗೆ. 2023ರ ಮೇ ತಿಂಗಳಲ್ಲಿ ಕೇಂದ್ರ ಸರ್ಕಾರ ಜಮ್ಮು-ಕಾಶ್ಮೀರದ ಭದ್ರತೆಯ ಕಾರಣ ಹೇಳಿ 14 ಆ್ಯಪ್‌ಗಳನ್ನು ನಿರ್ಬಂಧಿಸಿದಾಗ ಮ್ಯಾಟ್ರಿಕ್ಸಿನ ಮುಖ್ಯ ಆ್ಯಪ್ ಎಲಿಮೆಂಟ್ ಕೂಡ ಆ ಪಟ್ಟಿಯಲ್ಲಿತ್ತು.

ಕೊನೆಗೆ ನಿಂತದ್ದು ಎಕ್ಸ್‌ಎಂಪಿಪಿ ಎಂಬ ಮುಕ್ತ ಹರಟೆ ಪದ್ಧತಿಯಲ್ಲಿ. ಹೆಸರು ಕೇಳಿದರೆ ಗೊಬ್ಬರದ ಚೀಲದ ಮೇಲಿನ ಬರಹದಂತಿದೆ, ಅದಕ್ಕೇ ಯಾರೂ ಹತ್ತಿರ ಸುಳಿಯಲ್ಲವೋ ಏನೋ. 1999ರಲ್ಲಿ ಜ್ಯಾಬರ್ ಅಂತ ಶುರುವಾದದ್ದು. ನನ್ನ ವಯಸ್ಸಿನವರೆಲ್ಲ ಗೊತ್ತಿಲ್ಲದೇ ಇದನ್ನು ಬಳಸಿದ್ದೇವೆ. 2005ರಲ್ಲಿ ಬಂದ ಗೂಗಲ್ ಟಾಕ್ ನೆನಪಿದೆಯಲ್ಲ, ಹೆಸರಿನ ಪಕ್ಕ ಹಸಿರು ಚುಕ್ಕಿ ಕಂಡರೆ ಎದೆ ಹೊಡಕೊಳ್ಳುತ್ತಿದ್ದ ಕಾಲ? ಅದರ ಒಳಗಿದ್ದದ್ದು ಇದೇ. ಹಾಸ್ಟೆಲ್ಲಿನ ಹಂಚಿಕೆ ಕಂಪ್ಯೂಟರಿನಲ್ಲಿ ಪಿಜಿನ್ ಹಾಕಿ ಯಾಹೂ, ಜಿಟಾಕ್ ಎಲ್ಲ ಒಂದೇ ಕಿಟಕಿಯಲ್ಲಿ ಇಟ್ಟುಕೊಂಡಿದ್ದೆವು. ವಾಟ್ಸ್‌ಆ್ಯಪ್ ಕೂಡ ಎಕ್ಸ್‌ಎಂಪಿಪಿಯನ್ನೇ ತನಗೆ ಬೇಕಾದಂತೆ ಮಾರ್ಪಡಿಸಿಕೊಂಡು ಬೆಳೆದದ್ದು, ಹೊರಗಿನವರಿಗೆ ಬಾಗಿಲು ಮಾತ್ರ ಇಡಲಿಲ್ಲ.

ಇದರ ಕ್ರಮ ಈಮೇಲಿನ ಥರ. ವಿಳಾಸ, ಪಾಸ್‌ವರ್ಡು, ಅಷ್ಟೇ. ಯಾವ ಸರ್ವರಿನವರು ಯಾವ ಸರ್ವರಿನವರೊಂದಿಗೂ ಮಾತಾಡಬಹುದು. ಆಂಡ್ರಾಯ್ಡಿನವರು ಕಾನ್ವರ್ಸೇಶನ್ಸ್ ಹಾಕಿಕೊಂಡರು. ಎಫ್-ಡ್ರಾಯ್ಡ್ ಎಂಬ ಮುಕ್ತ ಆ್ಯಪ್‌ಗಳ ಅಂಗಡಿಯಲ್ಲಿ ಅದು ಪುಕ್ಕಟೆ. ಐಫೋನಿನ ಇಬ್ಬರಿಗೆ ಮೋನಲ್. ಮೇಷ್ಟ್ರಿಗೆ ಮೊದಲು ಅತಿ ಹಗುರವಾದ ಟರ್ಮಿನಲ್ ಪ್ರೋಗ್ರಾಂ ಒಂದನ್ನು ತೋರಿಸಿದೆ, ಅದರ ಹೆಸರು ಪ್ರೊಫ್ಯಾನಿಟಿ. "ಬೈಗುಳ ಅಂತ ಹೆಸರಿಟ್ಟಿದ್ದಾರಲ್ಲಯ್ಯಾ" ಅಂದರು. ಅಲ್ಲೂ ಒತ್ತಕ್ಷರದ ಅಪಘಾತ. ಟರ್ಮಿನಲ್ ಬಿಟ್ಟು ಡೈನೋ ಎಂಬ ಪ್ರೋಗ್ರಾಂ ಹಾಕಿದ ಮೇಲೆ "ಸ್ವಾತಂತ್ರ್ಯ" ಸ್ವಾತಂತ್ರ್ಯದಂತೆ ಕಂಡಿತು.

ಎಲ್ಲ ಸಲೀಸಾಗಿ ಆಯಿತು ಅಂತ ತಿಳಿಯಬೇಡಿ. ಮೊದಲು ನಾವು ಸೇರಿದ್ದ ಪುಕ್ಕಟೆ ಸರ್ವರ್ ಎರಡು ತಿಂಗಳಿಗೆ ಹೇಳದೇ ಕೇಳದೇ ಮುಚ್ಚಿತು, ಹಿಂದಿನ ಮಾತೆಲ್ಲ ಅದರ ಜೊತೆಗೇ ಹೋಯ್ತು. ಈಗ ತಿಂಗಳಿಗಿಷ್ಟು ಅಂತ ಕೈಯಿಂದ ಹಾಕಿ ಸಣ್ಣ ಸರ್ವರ್ ಬಾಡಿಗೆಗೆ ಹಿಡಿದು ಪ್ರೊಸೋಡಿ ಎಂಬ ಎಕ್ಸ್‌ಎಂಪಿಪಿ ಸರ್ವರ್ ಪ್ರೋಗ್ರಾಂ ಓಡಿಸುತ್ತಿದ್ದೇವೆ. ಪ್ರೊಸೋಡಿ ಅಂದರೆ ಛಂದಸ್ಸು, ಈ ಹೆಸರಿಗೆ ಮೇಷ್ಟ್ರು ತಕರಾರು ಮಾಡಲಿಲ್ಲ. 512 ಎಂಬಿ ರ‍್ಯಾಮಿನಲ್ಲಿ ಆರಾಮವಾಗಿ ಕೂತಿದೆ. ಓಮೆಮೋ ಎಂಬ ಗೂಢಲಿಪೀಕರಣ ಹಾಕಲು ಹೋಗಿ ಒಬ್ಬರ ಸಂದೇಶ ಇನ್ನೊಬ್ಬರಿಗೆ ಓದಲಾಗದೆ ಒಂದು ಭಾನುವಾರ ಪೂರ್ತಿ ಹಾಳಾಯಿತು, ಆಮೇಲೆ ಅದನ್ನು ಬಂದ್ ಮಾಡಿಬಿಟ್ಟೆವು. ಮೂರು ಜನ ಇಷ್ಟೆಲ್ಲ ಯಾಕೆ ಅಂತ ಹೊಸ ಜಾಗಕ್ಕೆ ಬರಲೇ ಇಲ್ಲ. ಅವರಿಗೆ ಹಳೇ ಗುಂಪಿನಲ್ಲೇ ಶುಭೋದಯ.

ಹೋದ ವಾರ ಮಳೆ ಗಾಳಿಗೆ ಮೇಷ್ಟ್ರ ಮನೆಯಲ್ಲಿ ಒಂದೂವರೆ ದಿನ ಕರೆಂಟಿರಲಿಲ್ಲ. ಬಂದ ಕೂಡಲೇ ಸರ್ವರ್ ಕಾದಿಟ್ಟುಕೊಂಡಿದ್ದ ನಮ್ಮ ಹರಟೆಯೆಲ್ಲ ಅವರಿಗೆ ಸಾಲಾಗಿ ಇಳಿದಿದೆ. ರಾತ್ರಿ ಹತ್ತೂಕಾಲಿಗೆ ಅವರಿಂದ ಮೂರು ಸಂದೇಶ. ಮೊದಲ ಎರಡರಲ್ಲಿ ಪುಟ 112ರ ತಿದ್ದುಪಡಿ. ಮೂರನೆಯದು ನನಗೆ: "ನಿನ್ನೆ ಮಧ್ಯಾಹ್ನ ನೀನು 'ಪ್ರೋಗ್ರಾಂ ಸರಿ ಪಡಿಸಿದೆ' ಅಂತ ಬಿಡಿಸಿ ಬರೆದಿದ್ದೀಯ. ಸರಿಪಡಿಸು ಒಂದೇ ಪದ. ಕೂಡಿಸು."