ಕಡಿಮೆ ದುಡ್ಡಿನ ಕ್ಯಾಮರಾ: ಮೆಗಾಪಿಕ್ಸೆಲ್ ಬಿಡಿ, ಲೆನ್ಸ್ ನೋಡಿ

ಮಣಿಪಾಲದ ಕಾಲೇಜು ಮಕ್ಕಳ ಕೈಯಲ್ಲಿ ಮತ್ತೆ ಚಿಕ್ಕ ಡಿಜಿಟಲ್ ಕ್ಯಾಮರಾ ಕಾಣಿಸುತ್ತಿದೆ. ಮೊನ್ನೆ ಪಕ್ಕದ ಮನೆ ಹುಡುಗಿ ಕೇಳಿದಳು, "ಅಂಕಲ್, ಆನ್‌ಲೈನಲ್ಲಿ ಮೂರು ಸಾವಿರಕ್ಕೆ 48 ಮೆಗಾಪಿಕ್ಸೆಲ್ ಕ್ಯಾಮರಾ ಉಂಟು, ತಗೊಳ್ಳಬಹುದಾ?" ಬೇಡ ಮಗಾ ಎಂದೆ. ಯಾಕೆ ಅಂತ ಇಲ್ಲಿ ಬರೆಯುತ್ತೇನೆ, ಇದೇ ಯೋಚನೆಯಲ್ಲಿರುವವರು ತುಂಬ ಜನ ಇದ್ದಾರೆ.

ಇಂಥ ಹೆಸರಿಲ್ಲದ ಕ್ಯಾಮರಾಗಳಲ್ಲಿ ಹೆಚ್ಚಿನವು ಚಿಕ್ಕ ಚಿತ್ರ ತೆಗೆದು, ಒಳಗಿನ ಸಾಫ್ಟ್‌ವೇರಿನಿಂದ ಅದನ್ನೇ ಹಿಗ್ಗಿಸಿ 48 ಎಂದು ತೋರಿಸುತ್ತವೆ. ಹಿಗ್ಗಿಸಿದರೆ ಹೊಸ ವಿವರ ಬರುವುದಿಲ್ಲ. ಅಷ್ಟು ಬೇಕಾಗುವುದೂ ಇಲ್ಲ. ಆಲ್ಬಮ್ಮಿಗೆ ಹಾಕುವ 8x12 ಇಂಚಿನ ಪ್ರಿಂಟ್ ಚೆನ್ನಾಗಿ ಬರಲು 9 ಮೆಗಾಪಿಕ್ಸೆಲ್ ಧಾರಾಳ.

ಅಗ್ಗದ ಕ್ಯಾಮರಾದಲ್ಲಿ ನಾವು ದುಡ್ಡು ಕೊಡಬೇಕಾದದ್ದು ಎರಡಕ್ಕೆ ಮಾತ್ರ: ನಿಜವಾದ ಆಪ್ಟಿಕಲ್ ಝೂಮ್ (ಲೆನ್ಸೇ ಸರಿದು ದೃಶ್ಯವನ್ನು ಹತ್ತಿರ ತರುವುದು) ಮತ್ತು ಕ್ಸೆನಾನ್ ಫ್ಲ್ಯಾಶ್ (ಕ್ಸೆನಾನ್ ಅನಿಲ ತುಂಬಿದ ಕೊಳವೆಯಿಂದ ಮಿಂಚುವ ದೀಪ). ಇವೆರಡೂ ಇಲ್ಲದಿದ್ದರೆ ನಿಮ್ಮ ಫೋನೇ ಮೇಲು. ಬಾಕ್ಸಿನಲ್ಲಿ ಬರೀ '16 ಪಟ್ಟು ಡಿಜಿಟಲ್ ಝೂಮ್' ಎಂದಿದ್ದರೆ ಅದು ಝೂಮೇ ಅಲ್ಲ, ಚಿತ್ರದ ಅಂಚು ಕತ್ತರಿಸುವ ಕೆಲಸ.

ಕಂಬಳದಲ್ಲಿ ನೋಡಿ. ಕರೆಯ, ಅಂದರೆ ಕೋಣ ಓಡುವ ಕೆಸರಿನ ಹಾದಿಯ, ಬದಿಯಲ್ಲಿ ಜನ ಜಾಸ್ತಿ, ನಾವು ನಿಲ್ಲುವುದು ದೂರದಲ್ಲಿ. ಹಗಲು ಬೆಳಕಿದ್ದಾಗ 8 ಪಟ್ಟು ಆಪ್ಟಿಕಲ್ ಝೂಮ್ ಇರುವ ಹಳೆಯ ಕ್ಯಾಮರಾ ಓಡಿಸುವವನ ಮುಖವನ್ನೂ ಹಾರುವ ಕೆಸರನ್ನೂ ಹತ್ತಿರ ತರುತ್ತದೆ. ಈ ಕ್ಯಾಮರಾಗಳು ಫೋಕಸ್ ಮಾಡುವುದು ಸ್ವಲ್ಪ ನಿಧಾನ. ಹಾಗಾಗಿ ಮಂಜೊಟ್ಟಿಯ (ಓಟ ಮುಗಿಯುವ ಕಡೆ) ಹತ್ತಿರದ ಒಂದು ಜಾಗಕ್ಕೆ ಮೊದಲೇ ಗುರಿಯಿಟ್ಟು ಗುಂಡಿಯನ್ನು ಅರ್ಧ ಒತ್ತಿ ಹಿಡಿದುಕೊಳ್ಳಿ. ಕೋಣ ಅಲ್ಲಿಗೆ ಬಂದ ಕೂಡಲೇ ಪೂರ್ತಿ ಒತ್ತಿದರಾಯಿತು.

ಫ್ಲ್ಯಾಶಿನ ಬೆಲೆ ತಿಳಿಯುವುದು ಸಂಜೆ ಹೊತ್ತಿನ ಹುಲಿವೇಷದಲ್ಲಿ. ಕ್ಸೆನಾನ್ ಫ್ಲ್ಯಾಶ್ ಮಿಂಚುವುದು ಸೆಕೆಂಡಿನ ಸಾವಿರದಲ್ಲೊಂದು ಭಾಗದಷ್ಟು, ಅಥವಾ ಅದಕ್ಕೂ ಕಡಿಮೆ ಹೊತ್ತು. ತಾಸೆ ವಾದ್ಯದ ಹೊಡೆತಕ್ಕೆ ಹಾರಿದ ಹುಲಿ ಹಾರಿದಲ್ಲೇ ನಿಲ್ಲುತ್ತದೆ, ಮೈಮೇಲಿನ ಬಣ್ಣದ ಪಟ್ಟಿ ಒಂದೊಂದೂ ಎದ್ದು ಕಾಣುತ್ತದೆ. ಫೋನಿನ ಎಲ್‌ಇಡಿ ದೀಪಕ್ಕೆ ಇದು ಆಗುವುದಿಲ್ಲ. ಆದರೆ ಚಿಕ್ಕ ಕ್ಯಾಮರಾದ ಫ್ಲ್ಯಾಶ್ ಮೂರ್ನಾಲ್ಕು ಮೀಟರಿಗೇ ಮುಗಿಯುತ್ತದೆ, ಎದುರು ಸಾಲಿನಲ್ಲೇ ನಿಲ್ಲಬೇಕು.

ರಾತ್ರಿಯ ಯಕ್ಷಗಾನಕ್ಕೆ ಮಾತ್ರ ಈ ಚಿಕ್ಕ ಕ್ಯಾಮರಾಗಳನ್ನು ನಂಬಬೇಡಿ. ಸಾಮಾನ್ಯವಾಗಿ ಇವುಗಳ ಸೆನ್ಸರ್ (ಬೆಳಕು ಹಿಡಿದು ಚಿತ್ರ ಮಾಡುವ ಚಿಪ್) ಸುಮಾರು 6.2x4.6 ಮಿಲಿಮೀಟರ್. ಇವತ್ತಿನ ಎಷ್ಟೋ ಫೋನುಗಳದ್ದು ಇದಕ್ಕಿಂತ ದೊಡ್ಡದು. ಝೂಮ್ ಮಾಡಿದಷ್ಟೂ ಲೆನ್ಸಿಗೆ ಬೆಳಕು ಕಡಿಮೆ ಸಿಗುತ್ತದೆ, ಚಿತ್ರದ ತುಂಬ ಕಾಳು ಕಾಳು. ಅಲ್ಲಿ ಫೋನೇ ಗೆಲ್ಲುತ್ತದೆ. ಇನ್ನು ಭೂತಕೋಲದಲ್ಲಿ ದಯವಿಟ್ಟು ಫ್ಲ್ಯಾಶ್ ಹಾಕಬೇಡಿ, ಚಿತ್ರ ಎಷ್ಟೇ ಚೆನ್ನಾಗಿ ಬಂದರೂ ಅದು ಸರಿಯಲ್ಲ.

ಸೆಕೆಂಡ್ ಹ್ಯಾಂಡ್ ತಗೊಳ್ಳುವುದಕ್ಕೆ ನನ್ನ ಪೂರ್ತಿ ಬೆಂಬಲ ಇದೆ. 2010ರ ಆಸುಪಾಸಿನ ಕ್ಯಾನನ್ ಪವರ್‌ಶಾಟ್, ನಿಕಾನ್ ಕೂಲ್‌ಪಿಕ್ಸ್, ಸೋನಿ ಸೈಬರ್‌ಶಾಟ್ ಯಾವುದಾದರೂ ಆ 48ರ ಡಬ್ಬಿಗಿಂತ ಎಷ್ಟೋ ವಾಸಿ. ಆದರೆ ನಮ್ಮ ಕರಾವಳಿಯಲ್ಲಿ ಒಂದು ದೊಡ್ಡ ಕಾಟ ಉಂಟು, ಫಂಗಸ್. ಮಳೆಗಾಲದ ತೇವಕ್ಕೆ ಕಪಾಟಿನ ಬಟ್ಟೆಗೇ ಬೂಸ್ಟು ಬರುತ್ತದೆ, ಲೆನ್ಸನ್ನು ಬಿಡುತ್ತದಾ? ಕ್ಯಾಮರಾ ಆನ್ ಮಾಡಿ, ಪೂರ್ತಿ ಝೂಮ್ ಮಾಡಿ, ಪಕ್ಕದಿಂದ ಓರೆಯಾಗಿ ಟಾರ್ಚ್ ಬಿಟ್ಟು ಲೆನ್ಸಿನೊಳಗೆ ನೋಡಿ. ಜೇಡನ ಎಳೆಯಂಥ ಬಿಳಿ ಗೆರೆಗಳು ಕಂಡರೆ ಬಿಟ್ಟುಬಿಡಿ. ಚೂರು ಫಂಗಸ್ಸಿಗೆ ಚಿತ್ರ ಅಷ್ಟೇನೂ ಹಾಳಾಗುವುದಿಲ್ಲ, ಆದರೆ ಅದು ಬೆಳೆಯುತ್ತಲೇ ಹೋಗುತ್ತದೆ. ಬಿಚ್ಚಿ ತೊಳೆಸುವ ಖರ್ಚು ಕ್ಯಾಮರಾದ ಬೆಲೆಯನ್ನೇ ಮೀರಬಹುದು. ಲೆನ್ಸ್ ಹೊರಬರುವಾಗ ಕರಕರ ಸದ್ದಾದರೆ ಒಳಗೆ ಮರಳು ಸೇರಿದೆ ಅಂತ ಅನುಮಾನ ಪಡಿ. ಮಲ್ಪೆ, ಪಣಂಬೂರು ಬೀಚ್ ಸುತ್ತಿ ಬಂದ ಕ್ಯಾಮರಾದಲ್ಲಿ ಇದು ಸಾಮಾನ್ಯ.

ಕಾರ್ಡ್ ವಿಷಯವನ್ನೂ ಮರೆಯಬೇಡಿ. 2006ಕ್ಕಿಂತ ಹಳೆಯ ಮಾಡೆಲ್ಲುಗಳು ಸಾಮಾನ್ಯವಾಗಿ 2 ಜಿಬಿಗಿಂತ ದೊಡ್ಡ ಎಸ್‌ಡಿ ಕಾರ್ಡ್ ಓದುವುದಿಲ್ಲ. ಡಬಲ್ ಎ ಸೆಲ್ ಹಾಕುವ ಮಾಡೆಲ್ ಸಿಕ್ಕರೆ ಅದನ್ನೇ ಆರಿಸಿ. ಹಳೆಯ ಲಿಥಿಯಂ ಬ್ಯಾಟರಿ ಸತ್ತಿದ್ದರೆ ಇನ್ನೊಂದು ಹುಡುಕಲು ಅಲೆಯಬೇಕು, ಸೆಲ್ಲಾದರೆ ಯಾವ ಅಂಗಡಿಯಲ್ಲೂ ಸಿಗುತ್ತದೆ.

ಮಂಗಳೂರಿನ ಹಂಪನಕಟ್ಟೆ ಕಡೆ ಹುಡುಕಲು ಹೋಗುವವರು ಒಂದು ಚಿಕ್ಕ ಟಾರ್ಚ್, ನಿಮ್ಮದೇ ಒಂದು ಕಾರ್ಡ್ ಕಿಸೆಯಲ್ಲಿಟ್ಟುಕೊಳ್ಳಿ. ಅಂಗಡಿಯಲ್ಲೇ ಹತ್ತು ಚಿತ್ರ ತೆಗೆದು ಫೋನಿಗೆ ಹಾಕಿ, ದೊಡ್ಡದು ಮಾಡಿ ನೋಡಿ. ಅದಕ್ಕೆ ಬಿಡದವರ ಹತ್ತಿರ ವ್ಯಾಪಾರ ಬೇಡ.