ಯಾರದು ತಪ್ಪು ಅಂತ ಹೇಳದ ಪಂಚಾಯ್ತಿ

ನಮ್ಮ ಕಡೆ ಗಂಡ ಹೆಂಡತಿ ಜಗಳ ಜೋರಾದರೆ ಏನಾಗುತ್ತದೆ ಅಂತ ನಿಮಗೂ ಗೊತ್ತು. ಹುಡುಗಿ ತವರಿಗೆ ಬರುತ್ತಾಳೆ. ಒಂದು ವಾರ ಯಾರೂ ಏನೂ ಕೇಳುವುದಿಲ್ಲ. ಆಮೇಲೆ ಒಂದು ಭಾನುವಾರ ಎರಡೂ ಕಡೆಯ ಹಿರಿಯರು ನಡುಮನೆಯಲ್ಲಿ ಕೂರುತ್ತಾರೆ. ತಿಪಟೂರಿನ ನಮ್ಮ ಮನೆಯಲ್ಲಿ ಚಿಕ್ಕಪ್ಪನ ಮಗಳಿಗೆ ಇಂಥ ಪಂಚಾಯ್ತಿ ನಡೆದಾಗ ನಾನು ಪಿಯುಸಿ ಓದುತ್ತಿದ್ದೆ, ಎಲ್ಲರಿಗೂ ಕಾಫಿ ಕೊಡುವ ನೆಪದಲ್ಲಿ ಪೂರ್ತಿ ಕೇಳಿಸಿಕೊಂಡೆ. ಸೋದರಮಾವ ಇಬ್ಬರನ್ನೂ ವಿಚಾರಿಸಿದರು, ಅಳಿಯನಿಗೆ ನಾಲ್ಕು ಮಾತು ಬೈದರು, ಕೊನೆಗೆ ಅವಳ ಕಡೆ ತಿರುಗಿ "ನೀನೇ ಸ್ವಲ್ಪ ಹೊಂದ್ಕೊಂಡು ಹೋಗಮ್ಮ" ಅಂದರು. ಸಂಜೆ ಬಸ್ಸಿಗೆ ಅವಳು ಗಂಡನ ಜೊತೆ ಹೊರಟಳು. ಬಸ್ಸಿನಲ್ಲಿ ಇಬ್ಬರೂ ಏನು ಮಾತಾಡಿಕೊಂಡರು ಅಂತ ಯಾರಿಗೂ ಗೊತ್ತಿಲ್ಲ.

ನಾನು ನಾರ್ವೆಯ ಓಸ್ಲೋಗೆ ಬಂದು 11 ವರ್ಷ ಆಯಿತು. ಎರಡು ಚಳಿಗಾಲದ ಹಿಂದೆ ನಮ್ಮ ಮನೆಯಲ್ಲೂ ಅದೇ ಪರಿಸ್ಥಿತಿ, ಆದರೆ ಇಲ್ಲಿ ತವರೂ ಇಲ್ಲ, ಭಾನುವಾರ ಬಂದು ಕೂರುವ ಮಾವನೂ ಇಲ್ಲ. ಗಂಡ ಹೆಂಡಿರ ಜಗಳ ಉಂಡು ಮಲಗುವ ತನಕ ಅನ್ನುತ್ತಾರಲ್ಲ, ಆ ಗಾದೆ ಮಾಡಿದವರ ಮನೆ ತುಂಬ ಜನ ಇದ್ದಿರಬೇಕು. ನನ್ನ ಹೆಂಡತಿಗೆ ಆಸ್ಪತ್ರೆಯಲ್ಲಿ ಶಿಫ್ಟ್ ಕೆಲಸ. ನಾನು ಉಣ್ಣುವಾಗ ಅವಳು ಬಸ್ಸಿನಲ್ಲಿ, ಅವಳು ಮಲಗುವಾಗ ನಾನು ಲ್ಯಾಪ್‌ಟಾಪ್ ಮುಂದೆ. ಡಿಸೆಂಬರಿನಲ್ಲಿ ಇಲ್ಲಿ ಹಗಲು ಆರು ಗಂಟೆಯ ಆಸುಪಾಸು ಅಷ್ಟೇ. ಊರಲ್ಲಾದರೆ ಕೋಪ ಬಂದಾಗ ತೋಟದ ಕಡೆ ಹೋಗಿಬರಬಹುದು. ಇಲ್ಲಿ ಹೊರಗೆ ಮೈನಸ್ ಹತ್ತು. ಎರಡು ರೂಮಿನ ಮನೆಯಲ್ಲಿ ಇಬ್ಬರೂ ಒಬ್ಬರಿಗೊಬ್ಬರು ಅಡ್ಡ ಬರದ ಹಾಗೆ ಓಡಾಡುವುದನ್ನು ಕಲಿತಿದ್ದೆವು.

ಅವಳ ಜೊತೆ ಕೆಲಸ ಮಾಡುವವರೊಬ್ಬರು ಫಮೀಲಿಯೆವರ್ನ್‌ಕೊಂತೂರ್ ಬಗ್ಗೆ ಹೇಳಿದರು. ಕುಟುಂಬಗಳಿಗೆ ಸಲಹೆ ಕೊಡುವ ಕಚೇರಿ, ನಾರ್ವೆಯ ಎಲ್ಲ ಕಡೆ ಇದೆ. ದುಡ್ಡು ಕೊಡಬೇಕಾಗಿಲ್ಲ, ಡಾಕ್ಟರ ಚೀಟಿಯೂ ಬೇಡ, ನೀವೇ ಫೋನ್ ಮಾಡಿ ಸಮಯ ತಗೋಬಹುದು. 16 ವರ್ಷದೊಳಗಿನ ಮಕ್ಕಳಿರುವವರು ಬೇರೆಯಾಗಬೇಕೆಂದರೆ ಕನಿಷ್ಠ ಒಂದು ಗಂಟೆ ಮಧ್ಯಸ್ಥರ ಮುಂದೆ ಕೂತು ಮಕ್ಕಳ ವಿಷಯ ಮಾತಾಡಲೇಬೇಕು, ಅದು ಕಾನೂನು. ಆದರೆ ಬೇರೆಯಾಗುವ ಮಾತೇ ಬರದಿದ್ದಾಗಲೂ ಆ ಬಾಗಿಲು ತೆರೆದಿರುತ್ತದೆ, ನನಗೆ ಹಿಡಿಸಿದ್ದು ಅದು. ನಮ್ಮಲ್ಲೂ 1984ರ ಕೌಟುಂಬಿಕ ನ್ಯಾಯಾಲಯ ಕಾಯ್ದೆ ಪ್ರಕಾರ ಜಡ್ಜು ಮೊದಲು ರಾಜಿಗೆ ಪ್ರಯತ್ನಿಸಬೇಕು. ಆದರೆ ಅಷ್ಟು ಹೊತ್ತಿಗೆ ಇಬ್ಬರ ಕಡೆಗೂ ಲಾಯರು ಬಂದಿರುತ್ತಾರೆ, ಒಬ್ಬರ ಮೇಲೊಬ್ಬರು ಏನೇನು ಬರೆಸಬೇಕೋ ಬರೆಸಿಯಾಗಿರುತ್ತದೆ.

ಹೋಗೋಣ ಅಂದವಳು ಅವಳು, ಬೇಡ ಅಂದವನು ನಾನು. ನಾಚಿಕೆಗಿಂತ ಭಯ ಜಾಸ್ತಿ ಇತ್ತು. 2011ರಲ್ಲಿ ಸ್ಟಾವಂಗರ್‌ನಲ್ಲಿ ಒಂದು ಭಾರತೀಯ ದಂಪತಿಯ ಇಬ್ಬರು ಮಕ್ಕಳನ್ನು ಇಲ್ಲಿನ ಮಕ್ಕಳ ರಕ್ಷಣಾ ಇಲಾಖೆ ಕರೆದುಕೊಂಡು ಹೋಗಿತ್ತಲ್ಲ, ಅದಾದ ಮೇಲೆ ಇಲ್ಲಿನ ನಮ್ಮವರಿಗೆ ಸರ್ಕಾರಿ ಕಚೇರಿಯಲ್ಲಿ ಮನೆ ವಿಷಯ ಬಾಯಿ ಬಿಡಲು ಹೆದರಿಕೆ. ನಿಜ ಹೇಳಬೇಕೆಂದರೆ ಆ ಹೆದರಿಕೆ ಪೂರ್ತಿ ಸುಳ್ಳೂ ಅಲ್ಲ. ಸಲಹೆ ಕೊಡುವ ಆ ಕಚೇರಿಯಲ್ಲಿ ಹೇಳಿದ್ದು ಗುಟ್ಟಾಗಿಯೇ ಇರುತ್ತದೆ, ಆದರೆ ಮಗುವಿಗೆ ಹಿಂಸೆ ಆಗುತ್ತಿದೆ ಅಂತ ಗೊತ್ತಾದರೆ ಅವರು ಮಕ್ಕಳ ರಕ್ಷಣಾ ಇಲಾಖೆಗೆ ತಿಳಿಸಲೇಬೇಕು. ನಮ್ಮ ಜಗಳ ಅಂಥದ್ದಲ್ಲ, ಸುಮ್ನೆ ಹೆದರುತ್ತಿದ್ದೇನೆ ಅಂತ ನನಗೆ ಅರ್ಥವಾಗಲು ಎರಡು ತಿಂಗಳು ಬೇಕಾಯಿತು.

ಮೊದಲ ದಿನ ನಾನು ಹೋಗಿದ್ದು ಪಂಚಾಯ್ತಿಗೆ ಹೋದ ಹಾಗೆ. ನನ್ನ ಕಡೆಯ ಸಾಕ್ಷಿಯನ್ನೆಲ್ಲ ಜೋಡಿಸಿಕೊಂಡಿದ್ದೆ. ಯಾವ ತಿಂಗಳು ಅವಳು ಏನಂದಳು, ನನ್ನ ಅಮ್ಮ ಬಂದಿದ್ದಾಗ ಹೇಗೆ ನಡೆದುಕೊಂಡಳು, ಎಲ್ಲ. ಅಲ್ಲಿನ ಸಲಹೆಗಾರ್ತಿ ಐವತ್ತರ ಆಸುಪಾಸಿನ ಹೆಂಗಸು, ಎಲ್ಲ ಕೇಳಿಸಿಕೊಂಡರು. ನನ್ನ ಪರವಾಗಿ ತಲೆ ಆಡಿಸುತ್ತಾರೆ ಅಂತ ಕಾದೆ, ಆಡಿಸಲಿಲ್ಲ. ಅವಳ ಪರವಾಗಿಯೂ ಆಡಿಸಲಿಲ್ಲ. ಬದಲಿಗೆ ಒಂದು ಕೆಲಸ ಕೊಟ್ಟರು. ಒಬ್ಬರು ಹತ್ತು ನಿಮಿಷ ಮಾತಾಡಬೇಕು, ಇನ್ನೊಬ್ಬರು ನಡುವೆ ಬಾಯಿ ಹಾಕದೆ ಕೇಳಿ, ಕೇಳಿದ್ದನ್ನು ತಿರುಗಿ ಹೇಳಬೇಕು. ಇದೇನು ಪ್ರೈಮರಿ ಶಾಲೆ ಆಟ ಅನ್ನಿಸಿತು. ಅವಳು ಮಾತಾಡಿದಳು. ನನ್ನ ಸರದಿ ಬಂದಾಗ "ನಾನು ಒಳ್ಳೆಯ ಗಂಡ ಅಲ್ಲ ಅಂತ ಇವಳು ಹೇಳುತ್ತಿದ್ದಾಳೆ" ಅಂದೆ. ಅವಳು "ನಾನು ಹಾಗೆ ಹೇಳಲೇ ಇಲ್ಲ ರೀ, ನನಗೆ ಇಲ್ಲಿ ಯಾರೂ ಇಲ್ಲ ಅಂತ ಹೇಳಿದೆ" ಅಂದಳು. ಎಷ್ಟು ವರ್ಷದಿಂದ ಅವಳು ಅದನ್ನು ಹೇಳುತ್ತಿದ್ದಳೋ, ನಾನು ಎಷ್ಟು ವರ್ಷದಿಂದ ಇನ್ನೊಂದನ್ನು ಕೇಳಿಸಿಕೊಳ್ಳುತ್ತಿದ್ದೆನೋ.

ಇನ್ನೊಂದು ತಮಾಷೆ. ನಾವು ಜಗಳ ಆಡುವುದು ಕನ್ನಡದಲ್ಲಿ, ಅಲ್ಲಿ ಮಾತಾಡಬೇಕಾದ್ದು ಇಂಗ್ಲಿಷಿನಲ್ಲಿ. ಜಗಳ ಬಂದಾಗಲೆಲ್ಲ ನಾನು "ಹೋಗ್ಲಿ ಬಿಡು" ಅಂದು ಎದ್ದು ಹೋಗುತ್ತೇನೆ ಅಂತ ಅವಳು ದೂರಿದಳು, ಅದನ್ನು ಪದಕ್ಕೆ ಪದ ಇಂಗ್ಲಿಷಿಗೂ ತಿರುಗಿಸಿದಳು. ಸಲಹೆಗಾರ್ತಿ ನನ್ನನ್ನೇ ನೋಡಿ "ಯಾವುದು ಹೋಗಬೇಕು? ಎಲ್ಲಿಗೆ?" ಅಂತ ಕೇಳಿದರು. ಎಷ್ಟೋ ತಿಂಗಳಾದ ಮೇಲೆ ನನ್ನ ಹೆಂಡತಿ ನಕ್ಕಿದ್ದು ಆವತ್ತೇ. ನಾನು ಮಾತ್ರ ನಗಲಿಲ್ಲ. ಹೋಗ್ಲಿ ಬಿಡು ಅನ್ನುವುದು ನನ್ನ ದೊಡ್ಡತನ ಅಂತಲೇ ನಾನು ತಿಳಿದಿದ್ದೆ.

ದಂಪತಿಗಳನ್ನು ದಶಕಗಟ್ಟಲೆ ಗಮನಿಸಿದ ಅಮೆರಿಕದ ಮನೋವಿಜ್ಞಾನಿ ಜಾನ್ ಗಾಟ್‌ಮನ್ ಪ್ರಕಾರ ಜೋಡಿಗಳ ನಡುವಿನ ತಕರಾರಿನಲ್ಲಿ 100ಕ್ಕೆ 69 ಯಾವತ್ತೂ ಪೂರ್ತಿ ಬಗೆಹರಿಯುವುದಿಲ್ಲವಂತೆ. ಅವರು ಅಪಾಯ ಅನ್ನುವುದು ಟೀಕೆ, ತಿರಸ್ಕಾರ, ತನ್ನನ್ನೇ ಸಮರ್ಥಿಸಿಕೊಳ್ಳುವುದು ಮತ್ತು ಗೋಡೆಯ ಹಾಗೆ ಸುಮ್ಮನಾಗುವುದನ್ನು. ಆ ನಾಲ್ಕನೆಯದಕ್ಕೆ ಕನ್ನಡ ಹೆಸರು ನನ್ನ ಹತ್ತಿರ ಆಗಲೇ ಇತ್ತಲ್ವಾ.

ಹಾಗಂತ ನಮ್ಮ ಹಿರಿಯರ ಪಂಚಾಯ್ತಿ ಕೆಲಸಕ್ಕೆ ಬಾರದ್ದು ಅಂತ ನಾನು ಹೇಳುವುದಿಲ್ಲ. ಸೋದರಮಾವ ಆಮೇಲೆ ತಿಂಗಳಿಗೊಮ್ಮೆ ಅವರ ಮನೆಗೆ ಹೋಗಿ ಬರುತ್ತಿದ್ದರು, ಅಳಿಯನಿಗೂ ಅದರ ಅಂಜಿಕೆ ಇತ್ತು. ಇಲ್ಲಿ ಎಂಟು ಸಲ ಆದ ಮೇಲೆ ಆಕೆ ಕೈ ಕುಲುಕಿ ಕಳಿಸಿದರು, ಇವತ್ತು ರಸ್ತೆಯಲ್ಲಿ ಸಿಕ್ಕರೂ ಗುರುತು ಹಿಡಿಯುತ್ತಾರೋ ಇಲ್ಲವೋ. ಆದರೆ ಮಾವನಿಗೆ ಮೊದಲೇ ಒಂದು ತೀರ್ಮಾನ ಇತ್ತು, ಮನೆ ಒಡೆಯಬಾರದು ಅಂತ. ಅದರ ಬೆಲೆ ಕೊಟ್ಟವಳು ಯಾವಾಗಲೂ ಹುಡುಗಿ. ಇನ್ನು ಹೊಡೆತ ಬಡಿತ ಇರುವ ಮನೆಗೆ ಮಾವನೂ ಸಾಲದು, ಗಂಡನ ಪಕ್ಕದಲ್ಲೇ ಕೂರಿಸುವ ಕೌನ್ಸೆಲಿಂಗೂ ಬೇಡ. ಅವಳಿಗೆ ಮೊದಲು ಬೇಕಾದ್ದು ಸುರಕ್ಷಿತ ಜಾಗ, ನಮ್ಮ ದೇಶದಲ್ಲಾದರೆ ಮಹಿಳಾ ಸಹಾಯವಾಣಿ 181ಕ್ಕೆ ಫೋನ್ ಮಾಡಲಿ.

ಕರ್ನಾಟಕದಲ್ಲೂ ದಾರಿ ಇಲ್ಲದೆ ಇಲ್ಲ. ನಿಮ್ಹಾನ್ಸ್‌ನಲ್ಲಿ ಕುಟುಂಬಗಳಿಗೆಂದೇ ವಿಭಾಗ ಇದೆ, ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ರಲ್ಲಿ ಪುಕ್ಕಟೆಯಾಗಿ ಕನ್ನಡದಲ್ಲೇ ಮಾತಾಡಬಹುದು. ಆದರೆ ನಮ್ಮೂರಲ್ಲಿ ಕೌನ್ಸೆಲಿಂಗ್ ಅಂದರೆ ಇವತ್ತಿಗೂ ಸಿಇಟಿ ಸೀಟಿನದ್ದೇ. ಅಮ್ಮನಿಗೆ ನಾವು ಹೋಗಿದ್ದ ವಿಷಯ ಹೇಳಿದ್ದು ಎಲ್ಲ ಮುಗಿದು ಒಂದು ವರ್ಷ ಆದ ಮೇಲೆ, ವಿಡಿಯೋ ಕಾಲ್‌ನಲ್ಲಿ. ಸ್ವಲ್ಪ ಹೊತ್ತು ಸುಮ್ಮನಿದ್ದು "ಯಾರದು ತಪ್ಪು ಅಂದ್ರು?" ಅಂತ ಕೇಳಿದರು. ಹಾಗೆಲ್ಲ ಅವರು ಹೇಳುವುದಿಲ್ಲ ಅಮ್ಮ ಅಂದೆ.

"ಮತ್ತೆ ಎಂಟು ಸಲ ಹೋಗಿ ಏನ್ ಮಾಡಿದ್ರೋ?"